ನಕ್ಷೆಯಲ್ಲಿ ಖರೀದಿ ವಿಭಾಗ ಎಲ್ಲಿದೆ?

ಮಾನ್ಯ ಸಂಪಾದಕರೇ,

ಟೆಕ್ ಕಂಪನಿಗಳ ಸುಸ್ಥಿರತೆ ವರದಿಗಳ (ತಮ್ಮ ಕೆಲಸದಿಂದ ಪರಿಸರಕ್ಕೂ ಜನಕ್ಕೂ ಏನಾಗುತ್ತಿದೆ ಅಂತ ಅವು ಹೇಳುವ ವರದಿಗಳ) ಬಗ್ಗೆ ನಿಮ್ಮ ವಾಣಿಜ್ಯ ಪುಟದಲ್ಲಿ ಬಂದ ಲೇಖನ ಓದಿದೆ. ಲೇಖನಕ್ಕಿಂತ ಜಾಸ್ತಿ ಹೊತ್ತು ಅದರ ಜೊತೆಗಿದ್ದ ಚಿತ್ರ ನೋಡಿದೆ. ಎಡಗಡೆ ಗಣಿ, ಆಮೇಲೆ ಕಾರ್ಖಾನೆ, ನಡುವೆ ಕಂಪನಿ, ಬಲಗಡೆ ಗ್ರಾಹಕ, ಕೊನೆಗೆ ಮರುಬಳಕೆಯ ಹಸಿರು ಬಾಣ. ಮೌಲ್ಯ ಸರಪಳಿ ಅಂತ ಕರೆಯುವುದು ಇದನ್ನೇ. ನೋಡೋಕೆ ಚೆನ್ನಾಗಿತ್ತು. ಎಲೆಕ್ಟ್ರಾನಿಕ್ ಉಪಕರಣ ಮಾಡುವ ಕಂಪನಿಯೊಂದರ ಪರ್ಚೇಸ್ ವಿಭಾಗದಲ್ಲಿ 26 ವರ್ಷ ಕೆಲಸ ಮಾಡಿ ನಿವೃತ್ತಳಾದವಳು ನಾನು. ಇಂಥ ಚಿತ್ರಗಳು ಹೇಗೆ ತಯಾರಾಗುತ್ತವೆ ಅಂತ ಗೊತ್ತಿರುವುದರಿಂದ ಈ ಪತ್ರ.

ನಮ್ಮಲ್ಲಿ ಮೊದಲ ಸಲ ಇಂಥ ನಕ್ಷೆ ಮಾಡಲು ಸಲಹೆಗಾರರು ಬಂದಾಗ ಅವರು ಕೇಳಿದ್ದು ನನ್ನ ಲೆಡ್ಜರ್. ಯಾರಿಗೆ ಎಷ್ಟು ಹಣ ಹೋಗಿದೆ ಅನ್ನುವ ಪಟ್ಟಿ. ಜಾಸ್ತಿ ಹೋದವರು ಮೇಲೆ, ಕಡಿಮೆ ಹೋದವರು ಕೆಳಗೆ. ಒಟ್ಟು ಖರ್ಚಿನ ಶೇ 80 ಮುಗಿದ ಜಾಗದಲ್ಲಿ ಒಂದು ಗೆರೆ ಎಳೆದರು. ಕೆಳಗೆ ಉಳಿದವರಿಗೆಲ್ಲ ‘ಇತರೆ’ ಅಂತ ಹೆಸರು. ಪಟ್ಟಿಯಲ್ಲಿದ್ದವರು ಯಾರಿಂದ ಸಾಮಾನು ತರಿಸುತ್ತಾರೆ, ಅವರಿಗೆ ಕೊಡುವವರು ಯಾರು, ಇದು ಲೆಡ್ಜರಿನಲ್ಲಿ ಇರುವುದಿಲ್ಲ. ಬಿಲ್ ಎಲ್ಲಿಗೆ ಮುಗಿಯುತ್ತದೋ ನಕ್ಷೆಯೂ ಅಲ್ಲಿಗೇ ಮುಗಿಯಿತು. ಅದರಾಚೆಗೆ ಒಂದು ಗಣಿಯ ಚಿತ್ರ ಅಂಟಿಸಿದರು, ಅಷ್ಟೇ.

ಒಂದು ಉದಾಹರಣೆ ಹೇಳುತ್ತೇನೆ. ನಮಗೆ ಕನೆಕ್ಟರ್ ಕೊಡುವವರೊಬ್ಬರಿದ್ದರು. 6 ವರ್ಷದ ವ್ಯವಹಾರ, ಒಂದು ದಿನ ತಡ ಮಾಡಿದವರಲ್ಲ. ಒಂದು ತಿಂಗಳು ಮಾಲು ಬರಲೇ ಇಲ್ಲ. ಫೋನ್ ಮಾಡಿದರೆ ಮೆಷಿನ್ ಕೆಟ್ಟಿದೆ, ಆಪರೇಟರ್ ರಜೆ ಅಂತ ದಿನಕ್ಕೊಂದು ನೆಪ. ಕೊನೆಗೆ ನಾನೇ ಹೊರಟೆ. ಆಮೇಲೆ ಬಾಯಿ ಬಿಟ್ಟರು. ಪಿನ್ನುಗಳನ್ನು ಕತ್ತರಿಸುವುದು ಮಾತ್ರ ಅವರ ಕೆಲಸ. ನಿಕ್ಕಲ್ ಮತ್ತು ಚಿನ್ನದ ಲೇಪನ ನಡೆಯುವುದು ಇನ್ನೊಬ್ಬರ ಶೆಡ್ಡಿನಲ್ಲಿ. ಆ ಶೆಡ್ಡಿನ ತ್ಯಾಜ್ಯದ ತೊಟ್ಟಿ ತುಂಬಿ ಕೆಲಸ ನಿಂತಿತ್ತು. ನನ್ನನ್ನು ಅಲ್ಲಿಗೇ ಕರೆದುಕೊಂಡು ಹೋದರು. ಗಂಟಲು ಹಿಡಿಯುವ ವಾಸನೆ, ಒದ್ದೆ ನೆಲ, ಲೇಪನದ ದ್ರಾವಣದಿಂದ ತಟ್ಟೆಗಳನ್ನು ಎತ್ತಿ ಜೋಡಿಸುತ್ತಿದ್ದ ನಾಲ್ಕು ಜನ. ಅಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ: ‘ಮಾಲು ಯಾವಾಗ ಕೊಡ್ತೀರಿ?’ ಅವರಲ್ಲಿ ಒಬ್ಬರ ಕೈಗವಸು ಹರಿದಿತ್ತು ಅನ್ನುವುದು ನನಗೆ ಹೊಳೆದದ್ದು ವಾಪಸ್ ಬರುವಾಗ ದಾರಿಯಲ್ಲಿ.

6 ವರ್ಷ ನಮ್ಮ ಉಪಕರಣದೊಳಗೆ ಅವರ ಕೆಲಸ ಇತ್ತು, ನಮ್ಮ ಯಾವ ಕಾಗದದಲ್ಲೂ ಅವರಿರಲಿಲ್ಲ. ನಮಗೆ ಗೊತ್ತಾಗಿದ್ದು ಮಾಲು ತಡವಾಗಿದ್ದರಿಂದ. ದೊಡ್ಡ ಕಂಪನಿಗಳ ಕತೆಯೂ ಬೇರೆಯಲ್ಲ. 2011ರಲ್ಲಿ ಥಾಯ್ಲೆಂಡಿನಲ್ಲಿ ಪ್ರವಾಹ ಬಂದು ಜಗತ್ತಿನಲ್ಲೆಲ್ಲ ಹಾರ್ಡ್ ಡಿಸ್ಕಿಗೆ ಬರ ಬಂತು. ತಮ್ಮ ಕಂಪ್ಯೂಟರಿನ ಒಳಗಿನ ಸಣ್ಣ ಮೋಟಾರು ಎಲ್ಲಿಂದ ಬರುತ್ತದೆ ಅಂತ ಎಷ್ಟೋ ಜನ ಹುಡುಕಲು ಶುರು ಮಾಡಿದ್ದು ಆಗಲೇ.

ಖನಿಜಗಳ ವಿಷಯಕ್ಕೆ ಬರೋಣ. ಅಮೆರಿಕ 2010ರಲ್ಲಿ ಒಂದು ಕಾನೂನು ತಂದಿತು. ತವರ, ಟ್ಯಾಂಟಲಮ್, ಟಂಗ್‌ಸ್ಟನ್, ಚಿನ್ನ, ಈ ನಾಲ್ಕು, ಸಶಸ್ತ್ರ ಗುಂಪುಗಳು ಗಣಿಗಳಿಂದ ಹಣ ಮಾಡುತ್ತಿದ್ದ ಕಾಂಗೋ ಅಥವಾ ಅದರ ನೆರೆಯ ದೇಶಗಳಿಂದ ಬಂದಿವೆಯಾ ಅಂತ ಅಲ್ಲಿನ ಷೇರುಪೇಟೆಯ ಕಂಪನಿಗಳು ಹೇಳಬೇಕು. ಆ ಪ್ರಶ್ನೆ ಕೆಳಗೆ ಇಳಿದು ಇಳಿದು ನನ್ನ ಮೇಜಿಗೆ ಒಂದು ಎಕ್ಸೆಲ್ ಫೈಲಾಗಿ ಬಂತು. ಸಿಎಂಆರ್‌ಟಿ ಅಂತಾರೆ ಅದನ್ನು. ಯಾವ ಯಾವ ಸ್ಮೆಲ್ಟರಿನಲ್ಲಿ ಅದಿರು ಕರಗಿದೆ ಅಂತ ತುಂಬಬೇಕು. ಸ್ಮೆಲ್ಟರನ್ನೇ ಹಿಡಿದಿದ್ದಕ್ಕೆ ಕಾರಣ ಇದೆ. ಕರಗುವ ಮುಂಚೆ ಅದಿರಿಗೆ ಊರಿದೆ, ಕರಗಿದ ಮೇಲೆ ಇಲ್ಲ. ಐಡಿಯಾ ಒಳ್ಳೆಯದೇ. ಆಗುತ್ತಿದ್ದುದು ಏನು? ನಮ್ಮ ಪೂರೈಕೆದಾರರು ತಮ್ಮ ಇಡೀ ಕಂಪನಿಯ ಪಟ್ಟಿ ಕಳಿಸುತ್ತಿದ್ದರು, ನಮಗೆ ಕೊಡುವ ಭಾಗದ್ದಲ್ಲ. ಅವರಿಗೂ ಅವರ ಮೇಲಿನವರಿಂದ ಹಾಗೇ ಬಂದಿರುತ್ತಿತ್ತು. ಒಂದು ಸಣ್ಣ ಕೆಪ್ಯಾಸಿಟರಿಗೆ ನೂರಾರು ಸ್ಮೆಲ್ಟರುಗಳ ಹೆಸರು! ನಾನು ಎಲ್ಲವನ್ನೂ ಕಾಪಿ ಮಾಡಿ, ಪೇಸ್ಟ್ ಮಾಡಿ, ಮುಂದಕ್ಕೆ ತಳ್ಳಿದೆ. ವರದಿಯಲ್ಲಿ ‘ನಮ್ಮ ಪೂರೈಕೆದಾರರಲ್ಲಿ ಶೇ 100ರಷ್ಟು ಉತ್ತರಿಸಿದ್ದಾರೆ’ ಅಂತ ಬಂತು. ಅದು ಸುಳ್ಳಲ್ಲ, ಉತ್ತರಿಸಿದ್ದರು.

ಇಂಗಾಲದ ಲೆಕ್ಕದಲ್ಲಿ ಇನ್ನೊಂದು ಸ್ವಾರಸ್ಯ. ಕೊಂಡ ಕರೆಂಟಿನದ್ದು ಬಿಟ್ಟು, ಕಂಪನಿಯ ಗೋಡೆಯಾಚೆಗಿನ ಹೊರಸೂಸುವಿಕೆಗೆ ಸ್ಕೋಪ್ 3 ಅಂತ ಹೆಸರು. ಇಂಗಾಲದ ಲೆಕ್ಕ ಹೇಗೆ ಇಡಬೇಕು ಅಂತ ಹೇಳುವ ಜಿಎಚ್‌ಜಿ ಪ್ರೋಟೊಕಾಲ್ 2011ರಲ್ಲಿ ಅದನ್ನು 15 ವರ್ಗ ಮಾಡಿತು. ಕೊಂಡ ಸಾಮಾನು ಒಂದನೆಯದು. ಪೂರೈಕೆದಾರರಿಂದ ನಿಜವಾದ ಅಂಕಿ ಸಿಗದಿದ್ದರೆ ಖರ್ಚಾದ ಹಣವನ್ನು, ರೂಪಾಯಿಗೆ ಇಷ್ಟು ಇಂಗಾಲ ಅನ್ನುವ ಒಂದು ಸರಾಸರಿ ಅಂಕಿಯಿಂದ ಗುಣಿಸಿ ಅಂದಾಜು ಮಾಡಬಹುದು, ಅದಕ್ಕೆ ಅವಕಾಶವಿದೆ. ಒಂದು ವರ್ಷ ನಾನು ಪ್ಲಾಸ್ಟಿಕ್ ಕವಚಕ್ಕೆ ಚೌಕಾಸಿ ಮಾಡಿ ಶೇ 5 ಇಳಿಸಿದೆ. ಅದೇ ಕವಚ, ಅದೇ ಅಚ್ಚು, ಅಷ್ಟೇ ಕರೆಂಟು. ವರದಿಯಲ್ಲಿ ಮಾತ್ರ ಆ ಸಾಲಿನ ಇಂಗಾಲ ಶೇ 5 ಇಳಿದಿತ್ತು. ಸಭೆಯಲ್ಲಿ ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ.

ಸಾಫ್ಟ್‌ವೇರ್ ಕಂಪನಿಗಳಿಗೆ ಇದೆಲ್ಲ ಯಾಕೆ ಅಂತ ಕೆಲವರು ಕೇಳಬಹುದು. ಮೈಕ್ರೋಸಾಫ್ಟ್ 2020ರಲ್ಲಿ ತಾನೇ ಕೊಟ್ಟ ಲೆಕ್ಕದ ಪ್ರಕಾರ ಆ ವರ್ಷದ ಅಂದಾಜು 1.6 ಕೋಟಿ ಟನ್ ಇಂಗಾಲದಲ್ಲಿ 1.2 ಕೋಟಿ ಟನ್ ಸ್ಕೋಪ್ 3. 2024ರ ವರದಿಯಲ್ಲಿ ಒಟ್ಟು ಹೊರಸೂಸುವಿಕೆ 2020ಕ್ಕಿಂತ ಶೇ 29ರಷ್ಟು ಏರಿದೆ ಅಂತ ಒಪ್ಪಿಕೊಂಡಿತು. ಮುಖ್ಯ ಕಾರಣ ಡೇಟಾ ಸೆಂಟರು ಕಟ್ಟುವ ಸಿಮೆಂಟು, ಉಕ್ಕು, ಮತ್ತೆ ಅದರೊಳಗಿನ ಚಿಪ್ಪುಗಳು. ‘ಕ್ಲೌಡ್’ ಅಂತ ಹೆಸರಿಟ್ಟವರು ಯಾರೋ, ಸಿಮೆಂಟು ಚೀಲ ಮಾತ್ರ ನೆಲದ ಮೇಲೆ ಬಂದು ಇಳಿಯುತ್ತದೆ. ಇನ್ನು ನಿಮ್ಮ ಚಿತ್ರದ ಹಸಿರು ಬಾಣ ಸ್ವಲ್ಪ ಜಾಸ್ತಿಯೇ ದಪ್ಪವಾಯಿತು. 2022ರಲ್ಲಿ ಜಗತ್ತಿನ 6.2 ಕೋಟಿ ಟನ್ ಇ-ತ್ಯಾಜ್ಯದಲ್ಲಿ ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋಗಿದ್ದಕ್ಕೆ ದಾಖಲೆ ಇರುವುದು ಶೇ 22.3ಕ್ಕೆ ಮಾತ್ರ.

ಸ್ಟೇಕ್‌ಹೋಲ್ಡರುಗಳ ಪಟ್ಟಿ ಆಗುವುದೂ ನೋಡಿದ್ದೇನೆ. ಕಂಪನಿಯ ಕೆಲಸದಿಂದ ಯಾರಿಗೆ ಒಳ್ಳೆಯದೋ ಕೆಟ್ಟದ್ದೋ ತಟ್ಟುತ್ತದೋ ಅವರೆಲ್ಲ ಸ್ಟೇಕ್‌ಹೋಲ್ಡರುಗಳು. ನಮಗೆಲ್ಲ ಹಳದಿ ಚೀಟಿ ಹಂಚಿದರು. ಗೋಡೆಯ ಮೇಲೆ ನಾಲ್ಕು ಚೌಕ. ಒಂದು ಕಡೆ ಪ್ರಭಾವ, ಇನ್ನೊಂದು ಕಡೆ ಆಸಕ್ತಿ. ಹೂಡಿಕೆದಾರರು, ದೊಡ್ಡ ಗ್ರಾಹಕರು, ಸರ್ಕಾರ, ಎಲ್ಲರೂ ಮೇಲಿನ ಬಲ ಮೂಲೆಗೆ ಓಡಿದರು. ನಾನು ‘ಲೇಪನದ ಶೆಡ್’ ಅಂತ ಬರೆದ ಚೀಟಿ ಕೆಳಗಿನ ಎಡ ಮೂಲೆಗೆ ಹೋಯಿತು. ಅವರಿಗೆ ಪ್ರಭಾವ ಇಲ್ಲ, ನಮ್ಮ ಹೆಸರೇ ಗೊತ್ತಿಲ್ಲದ ಮೇಲೆ ಆಸಕ್ತಿ ಎಲ್ಲಿಂದ ಬರಬೇಕು? ಚೌಕದ ಲೆಕ್ಕದಲ್ಲಿ ಸರಿಯೇ. ಅಂತಿಮ ನಕ್ಷೆಯಲ್ಲಿ ಆ ಚೀಟಿ ‘ಸಮುದಾಯ’ ಅನ್ನುವ ಪದದೊಳಗೆ ಸೇರಿ ಕಾಣೆಯಾಯಿತು.

ಉದ್ಯಮ ಮತ್ತು ಮಾನವ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 2011ರಲ್ಲಿ ಅಂಗೀಕರಿಸಿದ ಮಾರ್ಗಸೂಚಿಗಳು ಹೇಳುವುದು ಬೇರೆಯೇ. ಹಾನಿ ಎಷ್ಟು ಗಂಭೀರ, ಎಷ್ಟು ಜನಕ್ಕೆ, ಅದನ್ನು ಸರಿಪಡಿಸಲು ಸಾಧ್ಯವೇ, ಇದನ್ನು ನೋಡಿ ಆದ್ಯತೆ ಕೊಡಿ ಅನ್ನುತ್ತವೆ. ಯಾರ ಧ್ವನಿ ಜೋರು ಅನ್ನುವುದು ಅಲ್ಲಿ ಲೆಕ್ಕಕ್ಕಿಲ್ಲ. ಆ ಅಳತೆಗೋಲಿನಲ್ಲಿ ನನ್ನ ಚೀಟಿ ಬೇರೆ ಮೂಲೆಗೆ ಹೋಗುತ್ತಿತ್ತು, ಅಲ್ವಾ?

ಅದೇ ಮಾರ್ಗಸೂಚಿಗಳಿಗೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2012ರಲ್ಲಿ ಒಂದು ವಿವರಣೆ ಹೊರಡಿಸಿತು. ಅದರಲ್ಲೊಂದು ಉದಾಹರಣೆ ಓದಿ ನನಗೆ ಮೈ ಬೆವರಿತ್ತು. ಕೊನೆ ಗಳಿಗೆಯಲ್ಲಿ ಆರ್ಡರ್ ಬದಲಿಸಿ, ಗಡುವನ್ನೂ ಬೆಲೆಯನ್ನೂ ಹಾಗೇ ಇಟ್ಟರೆ, ಪೂರೈಕೆದಾರ ಕಾರ್ಮಿಕ ನಿಯಮ ಮುರಿದದ್ದಕ್ಕೆ ಕೊಂಡವರೂ ಕಾರಣರು. ನಾನು ವರ್ಷಕ್ಕೆ ಎಷ್ಟು ಸಲ ಹೀಗೆ ಮಾಡಿದ್ದೇನೆ! ಶುಕ್ರವಾರ ಸಂಜೆ ಮೇಲ್ ಕಳಿಸುವುದು, ಸೋಮವಾರಕ್ಕೆ 2 ಸಾವಿರ ಪೀಸ್ ಜಾಸ್ತಿ ಕೇಳುವುದು. ಅದೇ ವಾರ ಅದೇ ಪೂರೈಕೆದಾರರಿಗೆ ನಮ್ಮ ಇನ್ನೊಂದು ವಿಭಾಗದಿಂದ ಪ್ರಶ್ನಾವಳಿ ಹೋಗುತ್ತಿತ್ತು: ‘ನಿಮ್ಮಲ್ಲಿ ಓವರ್‌ಟೈಮ್ ಮಿತಿ ಮೀರುತ್ತದೆಯೇ?’ ಅವರು ‘ಇಲ್ಲ’ ಅಂತ ಟಿಕ್ ಹಾಕುತ್ತಿದ್ದರು. ಬೇರೆ ಏನು ಹಾಕಿಯಾರು?

ಎಲ್ಲ ನಕ್ಷೆಗಳಲ್ಲೂ ಕಂಪನಿ ನಡುವೆ ಒಂದು ಸುಮ್ನೆ ಕೂತ ಡಬ್ಬಿ. ಎಡದಿಂದ ಬಾಣ ಬರುತ್ತದೆ, ಬಲಕ್ಕೆ ಹೋಗುತ್ತದೆ. ಆ ಡಬ್ಬಿಯಿಂದ ಎಡಕ್ಕೆ ಹೋಗುವ ಬಾಣ ಯಾರೂ ಬರೆಯುವುದಿಲ್ಲ. ಚೌಕಾಸಿ, ಅವಸರದ ಆರ್ಡರು, ರದ್ದಾದ ಆರ್ಡರು, ತಡವಾದ ಹಣ, ಇವೆಲ್ಲ ಆ ದಿಕ್ಕಿನಲ್ಲೇ ಹೋಗುತ್ತವೆ. ಮೊದಲ ಹಂತದವರು ತಮ್ಮ ಕಷ್ಟವನ್ನು ಎರಡನೆಯವರಿಗೆ ದಾಟಿಸುತ್ತಾರೆ, ಅವರು ಮೂರನೆಯವರಿಗೆ. ಶೆಡ್ಡಿಗೆ ಬರುವ ಹೊತ್ತಿಗೆ ಕೈಗವಸು ಬದಲಿಸುವ ಹಣವೂ ಉಳಿದಿರುವುದಿಲ್ಲ. ಪೂರೈಕೆದಾರರಿಗೆ ನೂರು ಪ್ರಶ್ನೆ ಕಳಿಸುವ ಕಂಪನಿಗಳು ತಮ್ಮ ಪರ್ಚೇಸ್ ವಿಭಾಗಕ್ಕೆ ಹತ್ತು ಪ್ರಶ್ನೆಯನ್ನಾದರೂ ಕೇಳಿ ಉತ್ತರವನ್ನು ವರದಿಯಲ್ಲಿ ಹಾಕಲಿ. ನಕ್ಷೆಯಲ್ಲಿ ಗೊತ್ತಿಲ್ಲದ ಜಾಗವನ್ನು ಖಾಲಿ ಬಿಡಲಿ, ಗಣಿಯ ಚಿತ್ರ ಅಂಟಿಸಿ ಮುಚ್ಚುವುದು ಬೇಡ.

ನಿಮ್ಮ ವರದಿಗಾರರಲ್ಲಿ ಒಂದು ಕೋರಿಕೆ. ಮುಂದಿನ ಸಲ ಇಂಥ ವರದಿ ಬಿಡುಗಡೆಗೆ ಹೋದಾಗ ಎರಡು ವಿಷಯ ಕೇಳಿ. ಪೂರೈಕೆದಾರರ ಬಿಲ್ಲನ್ನು ಎಷ್ಟು ದಿನಕ್ಕೆ ಪಾವತಿ ಮಾಡುತ್ತೀರಿ? ಕಳೆದ ವರ್ಷ ಆರ್ಡರ್ ಕೊಟ್ಟ ಮೇಲೆ ಎಷ್ಟು ಸಲ ಅದನ್ನು ಬದಲಿಸಿದ್ದೀರಿ? ಎರಡಕ್ಕೂ ಉತ್ತರ ಕಂಪ್ಯೂಟರಿನಲ್ಲೇ ಇರುತ್ತದೆ. ನನ್ನ ಕಂಪ್ಯೂಟರಿನಲ್ಲೂ ಇತ್ತು. 26 ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ.

ಇತಿ,
ನಿವೃತ್ತ ಪರ್ಚೇಸ್ ಅಧಿಕಾರಿ