ಹ್ಯೂಯಿ ಲಾಂಗ್: ಪೆಟ್ಟಿಗೆಯ ಕಥೆಯೂ ಬರಲಿ

ಮಾನ್ಯ ಸಂಪಾದಕರೇ,

ಅಮೆರಿಕದ ಲೂಸಿಯಾನಾ ರಾಜ್ಯದ ಗವರ್ನರ್ ಆಗಿದ್ದ ಹ್ಯೂಯಿ ಲಾಂಗ್ ಕುರಿತ ಲೇಖನದಲ್ಲಿ ಹೊಗಳಿಕೆಯೇ ಜಾಸ್ತಿಯಾಯಿತು. 1928ರಲ್ಲಿ ಅಧಿಕಾರಕ್ಕೆ ಬಂದ ಅವರು ಶಾಲಾ ಮಕ್ಕಳಿಗೆ ಪಠ್ಯಪುಸ್ತಕ ಪುಕ್ಕಟೆ ಕೊಟ್ಟರು. ಕೆಸರು ದಾರಿಗಳಿದ್ದ ಕಡೆ ಪಕ್ಕಾ ರಸ್ತೆ, ಸೇತುವೆ ಮಾಡಿಸಿದರು. ಸುಮ್ನೆ ಭಾಷಣವಲ್ಲ, ಕೆಲಸ. ಒಪ್ಪೋಣ. ಆದರೆ ಸರ್ಕಾರಿ ನೌಕರರ ಸಂಬಳದಲ್ಲಿ ಒಂದು ಪಾಲು ಕಡಿತವಾಗಿ ಲಾಂಗ್ ಅವರ ರಾಜಕೀಯ ನಿಧಿಗೆ ಹೋಗುತ್ತಿತ್ತು. ಆ ದುಡ್ಡಿನ ಪೆಟ್ಟಿಗೆಗೆ ‘ಡಿಡಕ್ಟ್ ಬಾಕ್ಸ್’ (ಕಡಿತದ ಪೆಟ್ಟಿಗೆ) ಎಂದೇ ಹೆಸರು! ಸೆನೆಟರ್ ಆಗಿ ವಾಷಿಂಗ್ಟನ್‌ಗೆ ಹೋದ ಮೇಲೂ ರಾಜ್ಯದ ಲಗಾಮು ಬಿಡಲಿಲ್ಲ. 1935ರಲ್ಲಿ ಅವರಿಗೆ ಗುಂಡೇಟು ಬಿದ್ದಿದ್ದು ತಾವೇ ಕಟ್ಟಿಸಿದ 34 ಮಹಡಿಯ ಶಾಸನಸಭಾ ಭವನದಲ್ಲಿ. ಪುಕ್ಕಟೆ ಪುಸ್ತಕದ ಪಕ್ಕ ಆ ಪೆಟ್ಟಿಗೆಯೂ ಕಾಣಬೇಕಲ್ವಾ? ದಯವಿಟ್ಟು ಅದರ ಬಗ್ಗೆಯೂ ಒಂದು ಲೇಖನ ಪ್ರಕಟಿಸಿ.

– ಒಬ್ಬ ಓದುಗ