ಸಾಂಬಾರಿಗೆ ಸೊಟ್ಟಗಾಗುವ ಪಾರ್ಸೆಲ್ ಡಬ್ಬಿ

ಮಾನ್ಯ ಸಂಪಾದಕರೇ,

2022ರ ಜುಲೈ 1ರಂದು ಏಕಬಳಕೆಯ ಪ್ಲಾಸ್ಟಿಕ್ ತಟ್ಟೆ, ಲೋಟಗಳು ನಿಷೇಧವಾದ ಮೇಲೆ ಮುಂಬೈ, ಪುಣೆಯ ನಮ್ಮವರ ಹೋಟೆಲುಗಳಿಗೂ ‘ಮೆಕ್ಕೆಜೋಳದ ಪ್ಲಾಸ್ಟಿಕ್’ ಎಂದು ಪಿಎಲ್‌ಎ (ಪಾಲಿಲ್ಯಾಕ್ಟಿಕ್ ಆಸಿಡ್) ಡಬ್ಬಿಗಳನ್ನು ಮಾರುತ್ತಾರೆ. ಬಿಸಿ ತಡೆಯುತ್ತದಂತೆ, ಗೊಬ್ಬರವೂ ಆಗುತ್ತದಂತೆ. ಒಂದೇ ಡಬ್ಬಿಯಲ್ಲಿ ಇವೆರಡೂ ಸಲೀಸಾಗಿ ಕೂಡಿಬರುವುದಿಲ್ಲ.

ಪಿಎಲ್‌ಎ 60 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆತ್ತಗಾಗುತ್ತದೆ. ಮಜ್ಜಿಗೆಗೆ, ಕೋಕಂ ಶರಬತ್ತಿಗೆ ಅಡ್ಡಿಯಿಲ್ಲ. ಒಲೆಯಿಂದ ಇಳಿಸಿದ ಸಾಂಬಾರು ಸುರಿದರೆ ಸೊಟ್ಟಗಾಗುತ್ತದೆ. ಬಿಸಿ ತಡೆಯಬೇಕಾದರೆ ಅದರ ಉದ್ದನೆಯ ಅಣು ಸರಪಳಿಗಳು ಒತ್ತಾಗಿ ಹರಳುಗಟ್ಟಬೇಕು. ಇದು ಬಹುಮಟ್ಟಿಗೆ ಸಣ್ಣ ಅಣುಗಳನ್ನು ಪೋಣಿಸಿ ಪಾಲಿಮರ್ ಕಟ್ಟುವಾಗಲೇ ತೀರ್ಮಾನವಾಗುವ ಸಂಗತಿ. ಮೂಲವಸ್ತುವಾದ ಲ್ಯಾಕ್ಟೈಡ್‌ನಲ್ಲಿ ಎಡಗೈ ಬಲಗೈಗಳಂತೆ ಎಲ್, ಡಿ ಎಂಬ ರೂಪಗಳಿವೆ. ಡಿ ಪಾಲು ಶೇ 1ರ ಆಸುಪಾಸಿನಲ್ಲಿದ್ದರೆ ಚೆನ್ನಾಗಿ ಹರಳುಗಟ್ಟುತ್ತದೆ. ಶೇ 10 ದಾಟಿದರೆ ಹೆಚ್ಚುಕಮ್ಮಿ ಹರಳೇ ಮೂಡದು. ಡಬ್ಬಿಯ ಮೇಲೆ ಮಾತ್ರ ಎರಡಕ್ಕೂ ಪಿಎಲ್‌ಎ ಎಂದೇ ಅಚ್ಚು!

ಇನ್ನು ತೇವ. ಒಂದು ಲಕ್ಷ ಅಣುತೂಕದ ಸರಪಳಿ ಬೇಕೆಂದು 1 ಕಿಲೋ ಲ್ಯಾಕ್ಟೈಡ್‌ಗೆ ಲೆಕ್ಕ ಹಾಕಿ ಆರಂಭಕ (ಸರಪಳಿ ಶುರುಮಾಡುವ ವಸ್ತು) ಬೆರೆಸಿದ್ದಾರೆ ಎನ್ನಿ. ಅದರಲ್ಲಿ ಬರೀ 180 ಮಿಲಿಗ್ರಾಂ ನೀರು ಉಳಿದಿದ್ದರೂ ಸಾಕು, ಒಂದೊಂದು ನೀರಿನ ಅಣುವೂ ಬೇರೆ ಸರಪಳಿ ಶುರುಮಾಡಿ ಸರಾಸರಿ ತೂಕ ಅರ್ಧಕ್ಕಿಳಿಯುತ್ತದೆ. ಡಬ್ಬಿ ಮಾಡುವಾಗಲೂ ಅಷ್ಟೇ: ಪಿಎಲ್‌ಎ ಕಾಳಿನ ತೇವ 250 ಪಿಪಿಎಂ (ಹತ್ತು ಲಕ್ಷದಲ್ಲಿ 250 ಪಾಲು) ಒಳಗಿರಬೇಕು. ಮುಂಬೈ ಮಳೆಗಾಲದಲ್ಲಿ ಚೀಲ ಬಿಚ್ಚಿಟ್ಟರೆ ಯಂತ್ರದ ಶಾಖಕ್ಕೆ ಸರಪಳಿಗಳು ತುಂಡಾಗಿ, ಡಬ್ಬಿಯ ಅಂಚು ಬೆರಳೊತ್ತಿದರೆ ಸೀಳುತ್ತದೆ. ಹರಳು ಮೂಡಲು ಶೇ 1ರಷ್ಟು ಟಾಲ್ಕ್ ಎಂಬ ಖನಿಜದ ಪುಡಿ ಬೆರೆಸಿ, ಅಚ್ಚನ್ನು 100 ಡಿಗ್ರಿ ಹತ್ತಿರ ಕೆಲವು ಸೆಕೆಂಡು ಹಿಡಿಯಬೇಕು. ಉತ್ಪಾದನೆ ಹೆಚ್ಚಿಸುವ ಆಸೆಗೆ ಮೊದಲು ಬಲಿಯಾಗುವುದು ಆ ಸೆಕೆಂಡುಗಳೇ.

ಹರಳುಗಟ್ಟಿದ್ದು ಕೊಳೆಯುವುದೂ ನಿಧಾನ. ಗೊಬ್ಬರವಾಗುತ್ತದೆ ಎಂಬ ಪರೀಕ್ಷೆ ನಡೆಯುವುದು 58 ಡಿಗ್ರಿಯಲ್ಲಿ, 180 ದಿನಗಳವರೆಗೆ. ಹೌಸಿಂಗ್ ಸೊಸೈಟಿಯ ಗೊಬ್ಬರದ ತೊಟ್ಟಿ ಅಷ್ಟು ಶಾಖವನ್ನು ವಾರಗಟ್ಟಲೆ ಉಳಿಸಿಕೊಳ್ಳುವುದಿಲ್ಲ. ಭಂಗಾರ್‌ವಾಲಾಗೆ (ಗುಜರಿಯವನಿಗೆ) ಕೊಟ್ಟರೆ ಇನ್ನೊಂದು ಫಜೀತಿ: ಪೆಟ್ ಬಾಟಲಿ ಚೂರುಗಳ ಹಾಗೆ ಇದೂ ನೀರಲ್ಲಿ ಮುಳುಗುವುದರಿಂದ ತೊಳೆಯುವ ತೊಟ್ಟಿಯಲ್ಲಿ ಬೇರೆಯಾಗದು, ಮುಂದೆ ಪೆಟ್ ಒಣಗಿಸುವ ಬಿಸಿಗೆ ಮೆತ್ತಗಾಗಿ ಚೂರುಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ.

ಹೋಟೆಲಿನವರು ಕೊಳ್ಳುವ ಮುಂಚೆ ನಾಲ್ಕಾರು ಡಬ್ಬಿಗಳಿಗೆ ಕುದಿಯುವ ನೀರು ತುಂಬಿ, ಮುಚ್ಚಿ, 10 ನಿಮಿಷ ಬಿಟ್ಟು ಎತ್ತಿ ನೋಡಲಿ. ಗೊಬ್ಬರವಾಗುವ ಪ್ಲಾಸ್ಟಿಕ್ ಎಂಬ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರವನ್ನು ಕೇಳಿ ಪಡೆಯಲಿ. ಪಾಲಿಕೆಗಳು ಈ ಡಬ್ಬಿಗಳನ್ನು ಪ್ರತ್ಯೇಕವಾಗಿ ಸಂಗ್ರಹಿಸಿ, 58 ಡಿಗ್ರಿ ಕಾಯ್ದುಕೊಳ್ಳುವ ಗೊಬ್ಬರ ಘಟಕಕ್ಕೆ ಸಾಗಿಸುವ ವ್ಯವಸ್ಥೆ ಮಾಡಲಿ.

— ಪಾಲಿಮರ್ ಕ್ಷೇತ್ರದಲ್ಲಿರುವ ಕೆಲವು ಕನ್ನಡಿಗರು, ಪುಣೆ