ಎಂಜಿನ್ ಬದಲಾವಣೆಗೆ ತಪಾಸಣೆಯ ದಾರಿ ಬೇಕು

ಮಾನ್ಯರೇ,

ತಮ್ಮ ಪತ್ರಿಕೆಯ ವಾಹನ ಪುರವಣಿಯಲ್ಲಿ, ಅಮೆರಿಕದ ಹಳೆಯ ಮಸಲ್ ಕಾರುಗಳಿಗೆ (ಬಲಿಷ್ಠ ಎಂಜಿನ್ನಿನ ವೇಗದ ಕಾರುಗಳು) ಸೂಪರ್‌ಚಾರ್ಜರ್ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಯಂತ್ರ) ಸಹಿತ ಬಿಗ್ ಬ್ಲಾಕ್, ಅಂದರೆ ಭಾರಿ ಗಾತ್ರದ ಎಂಜಿನ್ ಕೂರಿಸುವ ಹವ್ಯಾಸದ ಬಗ್ಗೆ ಪ್ರಕಟವಾದ ಲೇಖನವನ್ನು ಓದಿದೆ. ಬರಹ ಸೊಗಸಾಗಿದೆ, ಚಿತ್ರಗಳೂ ಚೆನ್ನಾಗಿವೆ. ಆದರೆ ಲೇಖನ ಅಶ್ವಶಕ್ತಿಯ ಲೆಕ್ಕದಲ್ಲೇ ಮುಗಿದುಹೋಗಿರುವುದರಿಂದ ಮತ್ತು ಅದೇ ಪುಟವನ್ನು ಕೈಯಲ್ಲಿ ಹಿಡಿದು ‘ನಮ್ಮ ಕಾಂಟೆಸಾಗೂ ಹೀಗೆ ಮಾಡಬಹುದಾ ಅಣ್ಣಾ?’ ಎಂದು ಕೇಳುವ ಹುಡುಗರು ನಮ್ಮ ವರ್ಕ್‌ಶಾಪಿಗೆ ಬರತೊಡಗಿರುವುದರಿಂದ, ದಾವಣಗೆರೆಯಲ್ಲಿ ಎಂಜಿನ್ ಬೋರಿಂಗ್ ಕೆಲಸ ಮಾಡಿಕೊಂಡಿರುವ ನಾನು ಕೆಲವು ಮಾತುಗಳನ್ನು ಹೇಳಬೇಕಾಗಿದೆ.

ಮೊದಲು ಗಾತ್ರದ ವಿಚಾರ. 1970ರಲ್ಲಿ ಷೆವರ್ಲೆ ಹೊರತಂದ 454 ಘನ ಇಂಚಿನ ವಿ-8 ಎಂಜಿನ್ ಎಂದರೆ ಸುಮಾರು 7.4 ಲೀಟರ್, ನಮ್ಮ ಬೀದಿಗಳಲ್ಲಿ ನಿಲ್ಲುವ 1.2 ಲೀಟರಿನ ಸಣ್ಣ ಕಾರುಗಳ ಎಂಜಿನ್ ಆರು ಸೇರಿದರೂ ಅದಕ್ಕೆ ಸಮನಾಗದು. ಎರಕದ ಕಬ್ಬಿಣದ ಆ ಎಂಜಿನ್ ಒಂದೇ ಸುಮಾರು 300 ಕೆ.ಜಿ. ತೂಗುತ್ತದೆ. ಅದರ ನೆತ್ತಿಯ ಮೇಲೆ ಕೂರುವ ರೂಟ್ಸ್ ಮಾದರಿಯ ಸೂಪರ್‌ಚಾರ್ಜರ್ ಕಾರಿಗೆಂದು ಹುಟ್ಟಿದ್ದೇ ಅಲ್ಲ. 19ನೇ ಶತಮಾನದಲ್ಲಿ ಅಮೆರಿಕದ ಇಂಡಿಯಾನಾದ ರೂಟ್ಸ್ ಸಹೋದರರು ರೂಪಿಸಿದ ಗಾಳಿಯಂತ್ರವದು. ಜನರಲ್ ಮೋಟರ್ಸ್‌ನವರು ತಮ್ಮ ಟೂ-ಸ್ಟ್ರೋಕ್ ಡೀಸೆಲ್ ಎಂಜಿನ್ನುಗಳಿಗೆ ಗಾಳಿ ಊದಲು ಅದನ್ನು ಬಳಸಿದರು. ರೇಸಿನ ಹವ್ಯಾಸಿಗಳು ಈ ಬ್ಲೋವರನ್ನು (ಸೂಪರ್‌ಚಾರ್ಜರನ್ನು) ಇಂದಿಗೂ ‘6-71’ ಎಂದು ಕರೆಯುವುದು, ತಲಾ 71 ಘನ ಇಂಚಿನ ಆರು ಸಿಲಿಂಡರುಗಳಿದ್ದ ಆ ಡೀಸೆಲ್ ಎಂಜಿನ್ನಿನ ಹೆಸರಿನಿಂದಲೇ. ಇಷ್ಟೆಲ್ಲ ಗತ್ತಿನ ವಸ್ತು ಭಾರಿ ವಾಹನಗಳ ಗುಜರಿಯಿಂದ ಬಂದದ್ದೆಂದು ತಿಳಿದರೆ ನಮ್ಮ ಪಿ.ಬಿ. ರಸ್ತೆಯ ಲಾರಿ ಮೆಕ್ಯಾನಿಕ್‌ಗಳಿಗೆ ಖುಷಿಯಾದೀತು.

ಟರ್ಬೊ ಎಕ್ಸಾಸ್ಟ್ ಹೊಗೆಯ ಬಲದಿಂದ ತಿರುಗಿದರೆ, ಸೂಪರ್‌ಚಾರ್ಜರ್ ಕ್ರ್ಯಾಂಕ್ ಪುಲ್ಲಿಯಿಂದ ಬೆಲ್ಟ್ ಮೂಲಕ ತಿರುಗುತ್ತದೆ. ವಾತಾವರಣದ ಒತ್ತಡ 14.7 ಪಿಎಸ್ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಅಳತೆ) ಇರುವಲ್ಲಿ ಅದು ಇನ್ನೂ 6 ಪಿಎಸ್ಐ ಸೇರಿಸಿದರೆ, ಕಾಗದದ ಮೇಲಿನ ಲೆಕ್ಕದಲ್ಲಿ ಸಿಲಿಂಡರಿಗೆ ಶೇ 40ರಷ್ಟು ಹೆಚ್ಚು ಗಾಳಿ ಹೋಗಬೇಕು. ಆದರೆ ಒತ್ತಿದ ಗಾಳಿ ಕಾಯುತ್ತದೆ, ಕಾದ ಗಾಳಿ ಹಿಗ್ಗುತ್ತದೆ, ಬ್ಲೋವರನ್ನು ತಿರುಗಿಸುವುದಕ್ಕೂ ಎಂಜಿನ್ನಿನ ಶಕ್ತಿಯೇ ಖರ್ಚಾಗುತ್ತದೆ. ಕಾದ ಗಾಳಿ ಮತ್ತು ಹೆಚ್ಚಿದ ಒತ್ತಡ ಎರಡೂ ಕೂಡಿದಾಗ ಪೆಟ್ರೋಲ್ ಹೊತ್ತಿಕೊಳ್ಳಬೇಕಾದ ರೀತಿಯಲ್ಲಿ ಹೊತ್ತಿಕೊಳ್ಳದೆ ಸಿಡಿಯುತ್ತದೆ; ನಾವು ನಾಕಿಂಗ್ ಎನ್ನುವುದು ಇದನ್ನೇ. ಇದು ಮುಂದುವರಿದರೆ ಪಿಸ್ಟನ್ನಿನ ತಲೆ ತೂತು ಬೀಳುತ್ತದೆ, ರಿಂಗ್ ಕೂರುವ ಅಂಚು ಒಡೆಯುತ್ತದೆ. ಅದಕ್ಕಾಗಿಯೇ ಬಲ್ಲವರು ಎರಕದ ಪಿಸ್ಟನ್ ತೆಗೆದು ಫೋರ್ಜ್ಡ್ (ಬಡಿದು ಗಟ್ಟಿಮಾಡಿದ) ಪಿಸ್ಟನ್ ಹಾಕುತ್ತಾರೆ, ಕಂಪ್ರೆಷನ್ ಅನುಪಾತವನ್ನು (ಸಿಲಿಂಡರಿನಲ್ಲಿ ಗಾಳಿಯನ್ನು ಎಷ್ಟು ಪಟ್ಟು ಒತ್ತಲಾಗುತ್ತದೆ ಎಂಬ ಲೆಕ್ಕ) 8ರ ಆಸುಪಾಸಿಗೆ ಇಳಿಸುತ್ತಾರೆ, ಬೂಸ್ಟ್ (ಬ್ಲೋವರ್ ಸೇರಿಸುವ ಒತ್ತಡ) ಏರಿದಂತೆ ಇಗ್ನಿಷನ್ ಟೈಮಿಂಗ್, ಅಂದರೆ ಕಿಡಿ ಹಾರುವ ಸಮಯ, ತುಸು ತಡವಾಗುವಂತೆ ನೋಡಿಕೊಳ್ಳುತ್ತಾರೆ. ನಮ್ಮ ಬಂಕುಗಳಲ್ಲಿ ಈಗ ಸಿಗುವ ಶೇ 20 ಎಥನಾಲ್ ಬೆರೆತ ಪೆಟ್ರೋಲ್ ಹಳೆಯ ಕಾರಿನ ರಬ್ಬರ್ ಪೈಪು, ವಾಷರುಗಳನ್ನು ಹಾಳುಮಾಡಬಲ್ಲದು ಎಂಬುದನ್ನೂ ಗಮನದಲ್ಲಿಡಬೇಕು.

ಇಷ್ಟೆಲ್ಲ ಎಂಜಿನ್ನಿನ ಒಳಗಿನ ಕತೆ, ಅಪಾಯವಿರುವುದು ಹೊರಗೆ. 1960ರ ದಶಕದ ಅನೇಕ ಮಸಲ್ ಕಾರುಗಳು ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್ ಹೊಂದಿದ್ದವು. ಗಂಟೆಗೆ 80 ಕಿ.ಮೀ. ವೇಗದಿಂದ ನಿಲ್ಲಿಸುವುದಕ್ಕಿಂತ 120ರಿಂದ ನಿಲ್ಲಿಸಲು ಬ್ರೇಕುಗಳು ಎರಡೂಕಾಲು ಪಟ್ಟು ಶಕ್ತಿಯನ್ನು ಶಾಖವಾಗಿ ಹೀರಬೇಕು. ಡ್ರಮ್ಮಿನೊಳಗೆ ಸಿಕ್ಕಿಕೊಂಡ ಶಾಖ ಬೇಗ ಹೊರಹೋಗದು. ಲೈನಿಂಗ್ ಹಿಡಿತ ಕಳೆದುಕೊಳ್ಳುತ್ತದೆ, ಪೆಡಲ್ ಒತ್ತಿದರೂ ಗಾಡಿ ನಿಲ್ಲದು. ಮುಂಭಾಗದ ಭಾರ ಹೆಚ್ಚಿದ್ದಕ್ಕೆ ಸ್ಪ್ರಿಂಗ್ ಬದಲಾಗಬೇಕು, ಶಾಖಕ್ಕೆ ತಕ್ಕ ರೇಡಿಯೇಟರ್ ಬೇಕು, ಹೆಚ್ಚಿದ ಟಾರ್ಕ್ (ತಿರುಗಿಸುವ ಬಲ) ತಡೆಯಲು ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಹಿಂದಿನ ಆಕ್ಸಲ್ಲಿನ ಕ್ರೌನ್ ಮತ್ತು ಪಿನಿಯನ್ ಗೇರುಗಳು ಎಲ್ಲವೂ ಬದಲಾಗಬೇಕು. ಬಾನೆಟ್ ಕತ್ತರಿಸಿ ಬ್ಲೋವರನ್ನು ಮೇಲೆತ್ತಿದರೆ ಚಾಲಕನಿಗೆ ಮುಂದಿನ ರಸ್ತೆಯೂ ಅರ್ಧ ಮರೆಯಾಗುತ್ತದೆ. ಅಮೆರಿಕದಲ್ಲಿ ಈ ಕೆಲಸವನ್ನು ಸರಿಯಾಗಿ ಮಾಡುವವರು ಎಂಜಿನ್ನಿಗೆ ಕೊಟ್ಟಷ್ಟೇ ಹಣವನ್ನು ಇವುಗಳಿಗೂ ಕೊಡುತ್ತಾರೆ. ಲೇಖನದಲ್ಲಿ ಇದಕ್ಕೆ ಒಂದು ಸಾಲೂ ಇರಲಿಲ್ಲ.

ನಮ್ಮ ಜಿಲ್ಲೆಯಲ್ಲಿ ಬಿಗ್ ಬ್ಲಾಕ್ ಎಲ್ಲಿಂದ ಬರಬೇಕು ಎಂದು ಓದುಗರು ಕೇಳಬಹುದು. ಬರುವುದಿಲ್ಲ ನಿಜ, ಬರುವುದು ಆ ಹಂಬಲ. ಕಾಂಟೆಸಾ, ಅಂಬಾಸಿಡರ್, ಹಳೆಯ ಜೀಪುಗಳಿಗೆ ಗುಜರಿಯಿಂದ ತಂದ ದೊಡ್ಡ ಎಂಜಿನ್ ಕೂರಿಸುವ ಕೆಲಸ ಸದ್ದಿಲ್ಲದೆ ನಡೆಯುತ್ತಿದೆ. ಕಾಂಟೆಸಾದ ಮೊದಲ 1.5 ಲೀಟರ್ ಎಂಜಿನ್ ಆ ಭಾರದ ಕಾರಿಗೆ ಸಾಲದೆಂಬುದು ಹಿಂದೂಸ್ತಾನ್ ಮೋಟರ್ಸ್‌ಗೂ ಗೊತ್ತಿತ್ತು. ಆದರೆ ಅವರು ಇಸುಜು 1.8 ಲೀಟರ್ ಎಂಜಿನ್ ಹಾಕಿದಾಗ ಜತೆಗೆ ಐದು ಗೇರಿನ ಗೇರ್‌ಬಾಕ್ಸನ್ನೂ ಕೊಟ್ಟರು. ಇಲ್ಲಿ ಹಾಗಾಗುತ್ತಿಲ್ಲ. ಇತ್ತೀಚೆಗೆ ನಮ್ಮಲ್ಲಿ ರ‍್ಯಾಂಪಿಗೆ ಏರಿದ ಒಂದು ಜೀಪಿನ ಎಂಜಿನ್ ಮೌಂಟಿಂಗನ್ನು ಕಬ್ಬಿಣದ ಪಟ್ಟಿಯ ತುಂಡೊಂದನ್ನು ಚಾಸಿಗೆ ಬೆಸೆದು ಮಾಡಲಾಗಿತ್ತು. ಮೇಲೆ ಹೊಸ ಕಪ್ಪು ಬಣ್ಣ ಬಳಿದಿದ್ದರು. ವೈರ್ ಬ್ರಷ್‌ನಿಂದ ಉಜ್ಜಿದಾಗ, ಬೆಸುಗೆಯ ಅಂಚಿನುದ್ದಕ್ಕೂ ಕೂದಲೆಳೆಯಂಥ ಬಿರುಕು ತುಕ್ಕಿನ ಗೆರೆಯಾಗಿ ಕಂಡಿತು. ಬ್ರೇಕ್ ಪೈಪು ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ ಎರಡು ಬೆರಳು ದೂರದಲ್ಲಿತ್ತು. ಆ ಗಾಡಿ ಹೆದ್ದಾರಿ 48ರಲ್ಲಿ ಹರಿಹರದ ಕಡೆಯಿಂದ ಓಡಿಕೊಂಡೇ ಬಂದಿತ್ತು.

ಇಂಥ ಕೆಲಸ ಏಕೆ ಮರೆಯಲ್ಲಿ ನಡೆಯುತ್ತದೆ ಎಂದರೆ, ಬೆಳಕಿನಲ್ಲಿ ಮಾಡಲು ದಾರಿಯೇ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ತಯಾರಕರು ನಿಗದಿಪಡಿಸಿದ ವಿವರಗಳಿಗೆ ಆರ್‌ಸಿಯಲ್ಲಿನ ವಿವರಗಳು ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡನ್ನೂ ವಿಧಿಸಬಹುದು. 50 ವರ್ಷ ಮೀರಿದ ಕಾರುಗಳಿಗೆ 2021ರಲ್ಲಿ ಬಂದ ವಿಂಟೇಜ್ ನೋಂದಣಿಯೂ ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲಿರುವ ವಾಹನಗಳಿಗಷ್ಟೇ ಸಿಗುತ್ತದೆ. ಬದಲಾವಣೆಯನ್ನು ಮುಚ್ಚಿಟ್ಟ ಗಾಡಿ ಅಪಘಾತಕ್ಕೀಡಾದರೆ ವಿಮೆಯ ಹಣವೂ ಅನುಮಾನ.

ಕಾನೂನನ್ನು ಸಡಿಲಿಸಿ ಎಂದು ನಾನು ಕೇಳುತ್ತಿಲ್ಲ. ಇದೇ 52ನೇ ಸೆಕ್ಷನ್ ಬೇರೆ ಇಂಧನ ಬಳಸಲು ಮಾಡುವ ಬದಲಾವಣೆಗೆ ಅವಕಾಶ ಕೊಟ್ಟಿದ್ದು, ಸಿಎನ್‌ಜಿ ವಿಷಯದಲ್ಲಿ ಒಂದು ವ್ಯವಸ್ಥೆ ಆಗಲೇ ನಡೆಯುತ್ತಿದೆ. ಅನುಮೋದಿತ ಕಿಟ್ ಇರಬೇಕು, ಅಧಿಕೃತ ಕೇಂದ್ರವೇ ಕೂರಿಸಬೇಕು, ಆರ್‌ಸಿಯಲ್ಲಿ ನಮೂದಾಗಬೇಕು, ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಒತ್ತಡದ ಪರೀಕ್ಷೆಗೆ ಒಡ್ಡಬೇಕು. ಎಂಜಿನ್ ಬದಲಾವಣೆಗೂ ಇಂಥ ಕ್ರಮವನ್ನು ಏಕೆ ರೂಪಿಸಬಾರದು? ಜರ್ಮನಿಯಲ್ಲಿ ಪರಿಣತ ತಪಾಸಣಾ ಸಂಸ್ಥೆಗಳು ಮಾರ್ಪಾಡನ್ನು ಪರೀಕ್ಷಿಸಿದ ಮೇಲೆ ಅದು ವಾಹನದ ದಾಖಲೆಗೆ ಸೇರುತ್ತದೆ. ಆಸ್ಟ್ರೇಲಿಯಾದಲ್ಲಿ ವಾಹನದ ತೂಕಕ್ಕೆ ತಕ್ಕಂತೆ ಎಂಜಿನ್ ಗಾತ್ರಕ್ಕೆ ಮಿತಿಯಿದ್ದು, ಸೂಪರ್‌ಚಾರ್ಜರ್ ಅಥವಾ ಟರ್ಬೊ ಇದ್ದರೆ ಆ ಮಿತಿ ಇನ್ನೂ ಬಿಗಿಯಾಗುತ್ತದೆ.

ಕಾಯ್ದೆ ಕೇಂದ್ರದ್ದಾದ್ದರಿಂದ ನಮ್ಮ ಸಾರಿಗೆ ಇಲಾಖೆಯೊಂದೇ ಇದನ್ನು ಮಾಡಲಾಗದು, ಪ್ರಸ್ತಾವವನ್ನಂತೂ ಕಳುಹಿಸಬಹುದು. ತಪಾಸಣೆಗೆ ಬೇಕಾದ ಕೈಗಳು ಇಲ್ಲೇ ಇವೆ. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿಹೋದರೂ ಅಲ್ಲಿ ತಯಾರಾದ ಲೇತ್‌ಗಳು ನಮ್ಮ ವರ್ಕ್‌ಶಾಪುಗಳಲ್ಲಿ ಇನ್ನೂ ತಿರುಗುತ್ತಿವೆ. ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮೆಕ್ಯಾನಿಕಲ್ ವಿಭಾಗಗಳಿವೆ. ಮೌಂಟಿಂಗಿನ ಬೆಸುಗೆ, ಬ್ರೇಕಿನ ಸಾಮರ್ಥ್ಯ, ಇಂಧನ ಪೈಪಿನ ಹಾದಿ ಇವನ್ನು ಕಾಲೇಜಿನ ಪ್ರಾಧ್ಯಾಪಕರೊಬ್ಬರು ಹಾಗೂ ಮೋಟಾರು ವಾಹನ ನಿರೀಕ್ಷಕರು ಒಟ್ಟಿಗೆ ನಿಂತು ನೋಡಿ ಸಹಿ ಹಾಕುವಂತಾದರೆ ಸಾಕು. ಅದರ ಶುಲ್ಕವನ್ನು ಮಾಲೀಕರೇ ಕಟ್ಟಲಿ. ಎಂಜಿನ್ನಿಗೆ ಲಕ್ಷಗಟ್ಟಲೆ ಸುರಿಯುವವರಿಗೆ ಅದೇನೂ ಹೊರೆಯಾಗದು. ಈ ವಿಷಯದಲ್ಲಿ ಸಾರಿಗೆ ಇಲಾಖೆಯ ಅಧಿಕಾರಿಗಳ ಅಭಿಪ್ರಾಯವನ್ನು ಪಡೆದು ಮುಂದಿನ ಪುರವಣಿಯಲ್ಲಿ ಪ್ರಕಟಿಸಬೇಕೆಂದು ತಮ್ಮಲ್ಲಿ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಎಂಜಿನ್ ಬೋರಿಂಗ್ ವರ್ಕ್‌ಶಾಪ್ ಮಾಲೀಕ, ದಾವಣಗೆರೆ